ಹಾಸನದ ಪಿನ್‌ಕೋಡ್ ಬಿಡಿಸಿ ನೋಡೋಣ: ಆರಂಕಿಯ ಸಂಖ್ಯೆಯೊಂದನ್ನು ಪೆನ್ಸಿಲ್ ಹಿಡಿದು ತಿಳಿಯುವ ಬಗೆ

ಚಿಕ್ಕಮಗಳೂರಿನಿಂದ ಅಕ್ಕ ಎರಡು ಕೆಜಿ ಕಾಫಿಪುಡಿ ಕಳಿಸಿದ್ದಳು. ಪಾರ್ಸೆಲ್ ಹಾಸನಕ್ಕೆ ಬಂದ ದಿನ ಬೆಳಗಿನಿಂದ ಜಡಿಮಳೆ. ಕರೆಂಟ್ ಇಲ್ಲ, ಫೋನಿನಲ್ಲಿ ಚಾರ್ಜ್ ಇಲ್ಲ. ರಜಕ್ಕೆ ಬಂದಿದ್ದ ಅಕ್ಕನ ಮಗಳು ಕಿಟಕಿ ಪಕ್ಕ ಕೂತು ಪಾರ್ಸೆಲ್ಲಿನ ಮೇಲಿನ ವಿಳಾಸ ಓದುತ್ತಿದ್ದಳು. ಕಳಿಸಿದವರ ಪಿನ್ 577101. ನಮ್ಮದು 573201.

'ಮಾವ, ಇವೆರಡರಲ್ಲಿ ಯಾವುದಾದ್ರೂ ಅವಿಭಾಜ್ಯ ಸಂಖ್ಯೆನಾ?'

ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಪೂರ್ತಿ ಭಾಗವಾಗದ್ದು. 'ಭಾಗಿಸಿ ನೋಡು' ಅಂದೆ. ಸುಮ್ನೆ ಅಂದ ಮಾತು. ಅದು ಸಂಜೆ ದೀಪ ಹಚ್ಚುವ ತನಕ ಎಳೆಯಿತು. ಆವತ್ತು ನಾವು ಅಡ್ಡಾದಿಡ್ಡಿ ಮಾಡಿದ್ದನ್ನೇ ಇಲ್ಲಿ ಸರಿಯಾದ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮೂರಿನ ಪಿನ್‌ಕೋಡ್ ಹಿಡಿದು ನೀವೂ ಜೊತೆಗೆ ಮಾಡುತ್ತಾ ಹೋಗಬಹುದು.

ಬೇಕಾದದ್ದು ಪೆನ್ಸಿಲ್, ರಬ್ಬರ್, ಹಳೇ ಕ್ಯಾಲೆಂಡರಿನ ನಾಲ್ಕು ಹಾಳೆ. ಹಿಂಬದಿ ಖಾಲಿ ಇರುವ ಕ್ಯಾಲೆಂಡರ್ ಹಾಳೆಯಷ್ಟು ಒಳ್ಳೆಯ ಲೆಕ್ಕದ ಹಾಳೆ ಇನ್ನೊಂದಿಲ್ಲ. ಫೋನ್ ದೂರ ಇಡಿ. ಅದು ಒಂದು ಸೆಕೆಂಡಿನಲ್ಲಿ ಉತ್ತರ ಹೇಳುತ್ತದೆ, ಉತ್ತರ ಹೇಗೆ ಬಂತು ಅಂತ ಹೇಳುವುದಿಲ್ಲ.

ಇನ್ನೊಂದು ಮಾತು. ಪಿನ್‌ಕೋಡ್ ಅನ್ನೋದು ಅಂಚೆಯವರ ಗುರುತು. 1972ರ ಆಗಸ್ಟ್ 15ರಂದು ಶುರುವಾಯಿತು. ಮೊದಲ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಮೂರು ಅಂಕಿ ಸೇರಿದರೆ ಟಪಾಲು ವಿಂಗಡಿಸುವ ಜಿಲ್ಲೆ. ಎರಡು ಪಿನ್‌ಕೋಡ್ ಕೂಡಿಸಿದರೆ ಅಂಚೆಯಣ್ಣನಿಗೆ ಏನೂ ಅರ್ಥವಾಗುವುದಿಲ್ಲ. ನಾವು ಆ ಗುರುತನ್ನು ಮರೆತು ಅದನ್ನು ಬರೀ ಸಂಖ್ಯೆಯಾಗಿ ನೋಡುತ್ತಿದ್ದೇವೆ, ಅಷ್ಟೇ.

ಮೊದಲು ಸುಲಭದ ಪರೀಕ್ಷೆಗಳು

ಕೊನೆಯ ಅಂಕಿ ನೋಡಿ. ಎರಡೂ 1ರಲ್ಲಿ ಮುಗಿಯುತ್ತವೆ. ಹಾಗಾಗಿ 2, 5 ಎರಡೂ ಹೋಗುವುದಿಲ್ಲ.

ಆಮೇಲೆ ಅಂಕಿಗಳನ್ನು ಕೂಡಿಸಿ. ಹಾಸನದ್ದು 5+7+3+2+0+1 = 18. ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಕಾರಣ ಸರಳ: 10 ಅಂದರೆ 9+1, 100 ಅಂದರೆ 99+1, 1000 ಅಂದರೆ 999+1. ಒಂಬತ್ತರ ಗುಂಪುಗಳನ್ನೆಲ್ಲ ಪಕ್ಕಕ್ಕಿಟ್ಟರೆ ಉಳಿಯೋದು ಬರೀ ಅಂಕಿಗಳ ಮೊತ್ತ. ಚಿಕ್ಕಮಗಳೂರಿನದು 5+7+7+1+0+1 = 21. ಇದು 3ರಿಂದ ಭಾಗವಾಗುತ್ತದೆ, 9ರಿಂದ ಇಲ್ಲ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಮುಂದೆ ಇದೇ ದೊಡ್ಡ ಜಗಳಕ್ಕೆ ಕಾರಣವಾಯಿತು.

ಹೀಗೆ ಮೊದಲ ಐದು ನಿಮಿಷದಲ್ಲೇ ಅವಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡೂ ಅವಿಭಾಜ್ಯವಲ್ಲ. 'ಇಷ್ಟೇನಾ?' ಅಂದಳು. ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಪರೀಕ್ಷೆ ನನಗೆ ತುಂಬಾ ಇಷ್ಟ. ಶಾಲೆಯಲ್ಲಿ ಇದನ್ನು ಯಾಕೆ ಜಾಸ್ತಿ ಹೇಳಿಕೊಡುವುದಿಲ್ಲವೋ ಗೊತ್ತಿಲ್ಲ. 7 × 11 × 13 = 1001. ಆದ್ದರಿಂದ ಆರಂಕಿಯ ಸಂಖ್ಯೆಯನ್ನು ಮಧ್ಯದಲ್ಲಿ ಮುರಿದು, ಎರಡು ತುಂಡುಗಳಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಸಾಕು. ಉಳಿದದ್ದು 7, 11 ಅಥವಾ 13ರಿಂದ ಭಾಗವಾದರೆ ಮೂಲ ಸಂಖ್ಯೆಯೂ ಅದರಿಂದ ಭಾಗವಾಗುತ್ತದೆ. ಒಂದೇ ಕಳೆಯುವ ಲೆಕ್ಕದಲ್ಲಿ ಮೂರು ಪರೀಕ್ಷೆ!

ಹಾಸನ: 573 − 201 = 372. ಏಳರ ಮಗ್ಗಿಯಲ್ಲಿ 371 ಇದೆ, 372 ಇಲ್ಲ. ಹನ್ನೊಂದರಲ್ಲಿ 363, ಹದಿಮೂರರಲ್ಲಿ 364. ಮೂರೂ ಹೋಗುವುದಿಲ್ಲ.

ಚಿಕ್ಕಮಗಳೂರು: 577 − 101 = 476. ಇದು 7 × 68. ಏಳು ಹೋಗುತ್ತದೆ! 11 ಮತ್ತು 13 ಹೋಗುವುದಿಲ್ಲ.

ಈಗ ಸಿಕ್ಕಿದ್ದನ್ನೆಲ್ಲ ಹೊರಗೆ ತೆಗೆದಿಡಿ. 573201 = 9 × 63689. 577101 = 3 × 7 × 27481. ಇನ್ನು ಮೇಲೆ ನಮ್ಮ ಕೆಲಸ 63689 ಮತ್ತು 27481ರ ಜೊತೆ.

ಬೆವರಿಳಿಸುವ ಹೆಜ್ಜೆ

63689 ಅವಿಭಾಜ್ಯವೇ? ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ ಹೋಗಬೇಕು. ಎಲ್ಲಿಯ ತನಕ? ವರ್ಗಮೂಲದ ತನಕ. 252 × 252 = 63504, 253 × 253 = 64009. ನಮ್ಮ ಸಂಖ್ಯೆ ಎರಡರ ಮಧ್ಯೆ ಇದೆ. ಅದು ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಎರಡೂ 253 ಅಥವಾ ಅದಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ, ಗುಣಲಬ್ಧ ಮೀರಿಬಿಡುತ್ತದೆ. ಹಾಗಾಗಿ 252ರ ಒಳಗೆ ಏನೂ ಸಿಗದಿದ್ದರೆ ಆಚೆಗೂ ಸಿಗುವುದಿಲ್ಲ.

9 ಅನ್ನು ಮೊದಲೇ ತೆಗೆದಿಟ್ಟಿದ್ದರ ಲಾಭ ಇಲ್ಲಿ ಕಾಣುತ್ತದೆ. 573201ನ್ನೇ ಹಿಡಿದು ಕೂತಿದ್ದರೆ 757ರ ತನಕ ಹೋಗಬೇಕಿತ್ತು. ಅಲ್ಲಿಯ ತನಕ 134 ಅವಿಭಾಜ್ಯಗಳಿವೆ. 252ರ ಒಳಗೆ ಇರುವುದು 54. ಅದರಲ್ಲೂ 2, 3, 5, 7, 11, 13 ಮುಗಿದಿವೆ. (ಮೂರನ್ನು ಮತ್ತೊಮ್ಮೆ ನೋಡಲೇಬೇಕು: 6+3+6+8+9 = 32, ಹೋಗುವುದಿಲ್ಲ.) ಉಳಿದದ್ದು 48 ಭಾಗಾಕಾರ.

ನಲವತ್ತೆಂಟೂ ಉದ್ದದ ಭಾಗಾಕಾರ ಮಾಡಬೇಕಾಗಿಲ್ಲ. ಬಾಲ ಕತ್ತರಿಸುವ ಉಪಾಯ ಒಂದಿದೆ. 29ರಿಂದ ಹೋಗುತ್ತದೆಯೇ ಅಂತ ನೋಡಬೇಕು ಅಂದುಕೊಳ್ಳಿ. 63689ರಲ್ಲಿ 29 ಕಳೆದರೆ 63660. ಕೊನೆಯ ಸೊನ್ನೆ ಹಾರಿಸಿ: 6366. ಇದರಲ್ಲಿ 29ರ ನಾಲ್ಕರಷ್ಟು, ಅಂದರೆ 116 ಕಳೆದರೆ 6250. ಸೊನ್ನೆ ಹಾರಿಸಿ: 625. ಇದರಲ್ಲಿ 145 ಕಳೆದರೆ 480. ಸೊನ್ನೆ ಹಾರಿಸಿ: 48. ಇಪ್ಪತ್ತೊಂಬತ್ತರ ಮಗ್ಗಿಯಲ್ಲಿ 48 ಇಲ್ಲ. ಮುಗಿಯಿತು, 29 ಹೋಗುವುದಿಲ್ಲ. ಕೊನೆಯಲ್ಲಿ ಸೊನ್ನೆ ಬರುವ ಹಾಗೆ ಕಳೆಯುವುದೋ ಕೂಡಿಸುವುದೋ ಮಾಡಬೇಕು, ಅಷ್ಟೇ ಕೆಲಸ. ಇದರಲ್ಲಿ ನಿಜವಾದ ಶೇಷ ಸಿಗುವುದಿಲ್ಲ. ಹೋಗುತ್ತದೋ ಇಲ್ಲವೋ ಅನ್ನುವುದು ಮಾತ್ರ ತಿಳಿಯುತ್ತದೆ. ನಮಗೆ ಬೇಕಾದದ್ದೂ ಅದೇ.

ಮಧ್ಯದಲ್ಲಿ ಒಂದು ಎಡವಟ್ಟಾಯಿತು. 19ರಲ್ಲೇ ಒಮ್ಮೆ ಮನಸ್ಸು ಹಾರಿತ್ತು, 19 × 3352 = 63688, ಒಂದೇ ಒಂದು ಉಳಿಯಿತು. ಆಮೇಲೆ 17ರಿಂದ 191ರ ತನಕ ಯಾವುದೂ ಹೋಗಲಿಲ್ಲ. ಅಷ್ಟರಲ್ಲಿ ಎರಡು ಸಲ ಕಾಫಿಯೂ ಆಗಿತ್ತು. 193ಕ್ಕೆ ಬಂದಾಗ ಹುಡುಗಿ ಕೂಗಿದಳು: 'ಸಿಕ್ತು ಮಾವ! 193 ಇಂಟು 330!' ನಾನೂ ನಂಬಿಬಿಟ್ಟೆ. ಹಾಳೆಯ ಮೇಲೆ ದೊಡ್ಡದಾಗಿ ಬರೆದು ಸುತ್ತ ಗೆರೆಯನ್ನೂ ಎಳೆದೆ.

ಹೀಗಾದಾಗ ಒಂಬತ್ತರ ತಾಳೆ ನೋಡಬೇಕು. ಪ್ರತಿ ಸಂಖ್ಯೆಯ ಅಂಕಿಗಳನ್ನು ಒಂದೇ ಅಂಕಿ ಉಳಿಯುವ ತನಕ ಕೂಡಿಸಿ. 193 ಎಂದರೆ 13, ಅಂದರೆ 4. 330 ಎಂದರೆ 6. ನಾಲ್ಕಾರಲಿ 24, ಅಂದರೆ 6. ಗುಣಲಬ್ಧದಲ್ಲೂ 6 ಬರಬೇಕು. 63689ಕ್ಕೆ 32, ಅಂದರೆ 5. ತಾಳೆಯಾಗಲಿಲ್ಲ! 193 × 330 ಅಂದರೆ 63690. ಒಂದು ಹೆಚ್ಚು. ರಬ್ಬರಿಗೆ ಕೆಲಸ ಬಂತು. ಈ ತಾಳೆಗೂ ಒಂದು ಮಿತಿ ಇದೆ. 63689ನ್ನು 63698 ಅಂತ ಅದಲು ಬದಲು ಬರೆದರೆ ಅದಕ್ಕೆ ಗೊತ್ತಾಗುವುದಿಲ್ಲ, ಮೊತ್ತ ಎರಡರಲ್ಲೂ ಒಂದೇ.

197, 199, 211 ಹೀಗೆ ಹೋಗಿ 251ರ ತನಕ ಮುಗಿಸಿದೆವು. ಒಂದೂ ಹೋಗಲಿಲ್ಲ. 63689 ಅವಿಭಾಜ್ಯ. ಹಾಸನದ ಪಿನ್‌ಕೋಡ್ ಅಂದರೆ 3 × 3 × 63689.

ಚಿಕ್ಕಮಗಳೂರಿನ 27481ಕ್ಕೆ 163ರ ತನಕ ಹೋದರೆ ಸಾಕು. ಏಳನ್ನು ಇನ್ನೊಮ್ಮೆ ಪರೀಕ್ಷಿಸಲು ಮರೆಯಬೇಡಿ, ಒಂದು ಸಲ ಹೋದದ್ದು ಮತ್ತೆ ಹೋಗಬಹುದು. ಇಲ್ಲಿ ಶೇಷ 6. ಇದೂ ಅವಿಭಾಜ್ಯವೇ. 151 × 182 = 27482 ಅಂತ ಇದೂ ಒಮ್ಮೆ ಆಸೆ ತೋರಿಸಿತು. ಈ ಸಲ ನಾವು ಮೋಸ ಹೋಗಲಿಲ್ಲ.

ಐದಂಕಿಯ ಸಂಖ್ಯೆಗೇ ಇಷ್ಟು ಪಾಡು. ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಯುವ ಆರ್‌ಎಸ್‌ಎ ಬೀಗಗಳಲ್ಲಿ ಎರಡು ಭಾರೀ ಅವಿಭಾಜ್ಯಗಳನ್ನು ಗುಣಿಸಿದ 617 ಅಂಕಿಗಳ ಸಂಖ್ಯೆಗಳಿರುತ್ತವೆ. ಗುಣಿಸುವುದು ಸುಲಭ, ಬಿಡಿಸುವುದು ಕಷ್ಟ, ಬೀಗ ನಿಂತಿರುವುದೇ ಅದರ ಮೇಲೆ. ಅವಿಭಾಜ್ಯವೋ ಅಲ್ಲವೋ ಅಂತ ಬಿಡಿಸದೆಯೇ ಬೇಗ ಹೇಳಲು ಮಾತ್ರ ಖಚಿತ ದಾರಿ ಇದೆ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟರು. ನಮ್ಮ ಕ್ಯಾಲೆಂಡರ್ ಹಾಳೆಗೆ ಅದು ಆಗಿಬರುವುದಿಲ್ಲ.

ಬಿಡಿಸಿದ ಮೇಲೆ ತಾನಾಗಿ ಉದುರುವವು

ಒಮ್ಮೆ ಬಿಡಿಸಿದಿರೋ, ಉಳಿದ ಗುಣಗಳು ಅಲುಗಿಸಿದ ಗಿಡದಿಂದ ಹಣ್ಣು ಬಿದ್ದ ಹಾಗೆ ಬೀಳುತ್ತವೆ.

ಭಾಜಕಗಳು ಎಷ್ಟು? ಪ್ರತಿ ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಅದಕ್ಕೆ ಒಂದು ಸೇರಿಸಿ, ಎಲ್ಲವನ್ನೂ ಗುಣಿಸಿ. ಹಾಸನದಲ್ಲಿ 3 ಎರಡು ಸಲ, 63689 ಒಂದು ಸಲ. 3 × 2 = 6. ಅವು 1, 3, 9, 63689, 191067, 573201. ಚಿಕ್ಕಮಗಳೂರಿಗೆ 2 × 2 × 2 = 8. ಅಂದರೆ ಅಷ್ಟು ಕಾಫಿ ಗಿಡಗಳನ್ನು ಚೌಕಾಕಾರವಾಗಿಯೋ ಉದ್ದುದ್ದವಾಗಿಯೋ ಸಮ ಸಾಲುಗಳಲ್ಲಿ ನೆಡಲು ಹಾಸನಕ್ಕೆ ಮೂರೇ ದಾರಿ, ಚಿಕ್ಕಮಗಳೂರಿಗೆ ನಾಲ್ಕು. ಅವುಗಳಲ್ಲಿ ಸ್ವಲ್ಪ ತೋಟದ ಹಾಗೆ ಕಾಣುವುದು 21 ಸಾಲು, ಸಾಲಿಗೆ 27481 ಗಿಡ. ಅದೂ ತೋಟವಲ್ಲ, ರಸ್ತೆ ಬದಿಯ ಬೇಲಿ!

ಭಾಜಕಗಳ ಮೊತ್ತ? ಹಾಸನಕ್ಕೆ (1+3+9) × (1+63689), ಅಂದರೆ 13 × 63690 = 827970. ಇದರಲ್ಲಿ ಸಂಖ್ಯೆಯನ್ನೇ ಕಳೆದರೆ 254769. ಅರ್ಧಕ್ಕೂ ಬರಲಿಲ್ಲ. 6, 28ರಂಥ ಪರಿಪೂರ್ಣ ಸಂಖ್ಯೆಗಳಲ್ಲಿ ಈ ಮೊತ್ತ ಸಂಖ್ಯೆಗೇ ಸಮ: 1+2+3 = 6. ಚಿಕ್ಕಮಗಳೂರಿನದು 302323, ಅದೂ ಕಡಿಮೆಯೇ. ಬೆಸ ಸಂಖ್ಯೆಗಳಲ್ಲಿ ಮೊತ್ತ ಮೀರುವುದು ಅಪರೂಪ. ಹಾಗೆ ಮೀರುವ ಅತಿ ಚಿಕ್ಕ ಬೆಸ ಸಂಖ್ಯೆ 945.

ಮೀರುವುದನ್ನು ನೋಡಬೇಕೆಂದರೆ ಕಡೂರಿಗೆ ಹೋಗಿ. 577548. ಕೊನೆಯ 48 ನಾಲ್ಕರಿಂದ ಹೋಗುತ್ತದೆ, ಅಂಕಿಗಳ ಮೊತ್ತ 36. ಬಿಡಿಸಿದರೆ 2 × 2 × 3 × 3 × 61 × 263. ಭಾಜಕಗಳು 36! ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 911940, ಸಂಖ್ಯೆಗಿಂತ ಎಷ್ಟೋ ಹೆಚ್ಚು. ಜಿಲ್ಲಾ ಕೇಂದ್ರಗಳೆರಡೂ ಕಡೂರಿನ ಮುಂದೆ ಬಡವಾಗಿಬಿಟ್ಟವು.

ಎರಡು ಸಂಖ್ಯೆಗಳ ಮ.ಸಾ.ಅ., ಅಂದರೆ ಎರಡನ್ನೂ ಭಾಗಿಸುವ ಅತಿ ದೊಡ್ಡ ಸಂಖ್ಯೆ ಬೇಕೆಂದರೆ ಬಿಡಿಸುವ ಕಷ್ಟವೂ ಬೇಡ. ಎಸ್ಸೆಸ್ಸೆಲ್ಸಿಯಲ್ಲಿ ಓದಿದ ಯೂಕ್ಲಿಡ್‌ನ ವಿಧಾನ ಸಾಕು. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಆಮೇಲೆ ಚಿಕ್ಕದನ್ನು ಶೇಷದಿಂದ ಭಾಗಿಸಿ, ಹೀಗೇ ಇಳಿಯಿರಿ. ನಮ್ಮ ಎರಡು ಊರಿಗೆ ಬರುವ ಶೇಷಗಳು 3900, 3801, 99, 39, 21, 18, 3, 0. ಸೊನ್ನೆಯ ಹಿಂದಿನದೇ ಉತ್ತರ: 3. ಬೇಲೂರಿನ ಮೇಲೆ ಹೋದರೆ ಎರಡು ಗಂಟೆಯೂ ಹಿಡಿಯದ ದೂರ, ಎರಡೂ ಊರಿಗೆ ಸಾಮಾನ್ಯವಾದದ್ದು ಒಂದು ಮೂರು ಮಾತ್ರ.

0 ಮತ್ತು 1 ಎರಡೇ ಅಂಕಿ ಬಳಸುವ ದ್ವಿಮಾನ ಪದ್ಧತಿಯಲ್ಲಿ ಬರೆಯುವುದು ಬರೀ ಅರ್ಧ ಮಾಡುವ ಕೆಲಸ. ಅರ್ಧ ಮಾಡುತ್ತಾ ಹೋಗಿ, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಹಾಸನ 10001011111100010001. ಚಿಕ್ಕಮಗಳೂರು 10001100111001001101. ಎರಡರಲ್ಲೂ ಹತ್ತು ಒಂದು, ಹತ್ತು ಸೊನ್ನೆ! ಹುಡುಗಿ ಇದರಲ್ಲಿ ಏನೋ ಗುಟ್ಟಿದೆ ಅಂದಳು. ನನ್ನ ಪ್ರಕಾರ ಏನೂ ಇಲ್ಲ. ಅಂಕಿಗಳ ಆಟ ಬರೆಯುವ ಪದ್ಧತಿ ಬದಲಾದರೆ ಬದಲಾಗುತ್ತದೆ. 63689 ಅವಿಭಾಜ್ಯ ಅನ್ನುವುದು ಯಾವ ಪದ್ಧತಿಯಲ್ಲಿ ಬರೆದರೂ ಬದಲಾಗುವುದಿಲ್ಲ. ನನಗೆ ಎರಡನೆಯದರ ಮೇಲೆ ಗೌರವ ಜಾಸ್ತಿ.

ಎರಡು ಚೌಕದ ತೋಟ

ಈಗ ಜಗಳದ ವಿಷಯ. 573201 ಕಾಫಿ ಗಿಡ ಇದ್ದರೆ, ಒಂದೂ ಉಳಿಯದ ಹಾಗೆ ಎರಡು ಚೌಕಾಕಾರದ ತೋಟದಲ್ಲಿ ನೆಡಬಹುದೇ? ಅಂದರೆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಬರುತ್ತದೆಯೇ?

17ನೇ ಶತಮಾನದಲ್ಲಿ ಫ್ರಾನ್ಸಿನ ಫರ್ಮಾ ಹೇಳಿದ, ನೂರು ವರ್ಷದ ಮೇಲೆ ಆಯ್ಲರ್ ಸಾಧಿಸಿ ತೋರಿಸಿದ ಮಾತು ಇದು: 4ರಿಂದ ಭಾಗಿಸಿದಾಗ 1 ಉಳಿಯುವ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. 63689ರ ಕೊನೆಯ 89ನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾದರೆ ಉತ್ತರ ಇದೆ. ಹುಡುಕಬೇಕು, ಅಷ್ಟೇ.

252ರ ವರ್ಗ ಕಳೆಯಿರಿ, ಉಳಿದದ್ದು 185. 251ರದ್ದು ಕಳೆದರೆ 688. 250ರದ್ದು ಕಳೆದರೆ 1189. ಹೀಗೇ ಒಂದೊಂದಾಗಿ ಇಳಿಯಿರಿ. ಉಳಿದದ್ದು ವರ್ಗವೇ ಅಂತ ನೋಡುವುದಕ್ಕೆ ಮೊದಲು ಬಾಲ ನೋಡಿ. 2, 3, 7, 8ರಲ್ಲಿ ಯಾವ ವರ್ಗವೂ ಮುಗಿಯುವುದಿಲ್ಲ. 5ರಲ್ಲಿ ಮುಗಿದರೆ 25 ಇರಬೇಕು, ಸೊನ್ನೆಯಲ್ಲಿ ಮುಗಿದರೆ ಎರಡು ಸೊನ್ನೆ ಇರಬೇಕು. ಈ ಜರಡಿ ಹಿಡಿದರೆ ಹದಿನೆಂಟು ಪ್ರಯತ್ನಗಳಲ್ಲಿ ಹದಿಮೂರು ನೋಡುತ್ತಲೇ ಬಿದ್ದುಹೋಗುತ್ತವೆ. ನಿಜವಾಗಿ ಪರೀಕ್ಷಿಸಬೇಕಾದದ್ದು ಐದು: 1189, 3664, 5125, 6089, 8464. 6089 ಹತ್ತಿರ ಬಂದು ತಪ್ಪಿತು, 78ರ ವರ್ಗ 6084. ಕೊನೆಯದು 235ರಲ್ಲಿ ಬಂತು. 235ರ ವರ್ಗ 55225, ಉಳಿದದ್ದು 8464. ಅದು ಸರಿಯಾಗಿ 92ರ ವರ್ಗ!

ಎರಡನ್ನೂ 3ರಿಂದ ಗುಣಿಸಿದರೆ 705 ಮತ್ತು 276. 705ರ ವರ್ಗ 497025, 276ರ ವರ್ಗ 76176. ಕೂಡಿಸಿ ನೋಡಿ, 573201. ಸಾಲಿಗೆ 705 ಗಿಡದಂತೆ 705 ಸಾಲಿನ ಒಂದು ತೋಟ, 276ರದ್ದು ಇನ್ನೊಂದು. ಹಾಸನದ ಲೆಕ್ಕ ಚುಕ್ತಾ.

'ನಮ್ಮೂರದ್ದು?' ಅಂದಳು.

ನಿಮ್ಮೂರದ್ದು ಆಗಲ್ಲ ಕಣೇ ಅಂದೆ. ಕಾಫಿ ನಾಡಿನವಳಿಗೆ ಹೇಳಬಾರದ ಮಾತು. ಸಿಟ್ಟು ಬಂತು. ಕಾರಣ ಹೇಳದೆ ಬಿಡಲಿಲ್ಲ. ಯಾವ ಸಂಖ್ಯೆಯನ್ನೂ 3ರಿಂದ ಭಾಗಿಸಿದರೆ 0, 1 ಅಥವಾ 2 ಉಳಿಯುತ್ತದೆ. ವರ್ಗ ಮಾಡಿ ಭಾಗಿಸಿದರೆ 0 ಅಥವಾ 1 ಮಾತ್ರ ಉಳಿಯುತ್ತದೆ. 4, 25, 64 ಯಾವುದನ್ನಾದರೂ ಹಿಡಿದು ನೋಡಿ. ಎರಡು ವರ್ಗ ಕೂಡಿಸಿದ್ದು 3ರಿಂದ ಪೂರ್ತಿ ಹೋಗಬೇಕಾದರೆ ಎರಡರ ಶೇಷವೂ 0 ಆಗಬೇಕು. ಹಾಗಾದರೆ ಎರಡೂ ಮೂಲ ಸಂಖ್ಯೆಗಳು 3ರಿಂದ ಹೋಗಬೇಕು, ಅವುಗಳ ವರ್ಗಗಳು 9ರಿಂದ ಹೋಗಬೇಕು, ಮೊತ್ತವೂ 9ರಿಂದ ಹೋಗಲೇಬೇಕು. 577101ರ ಅಂಕಿಗಳ ಮೊತ್ತ 21. ಮೂರರಿಂದ ಹೋಗುತ್ತದೆ, ಒಂಬತ್ತರಿಂದ ಹೋಗುವುದಿಲ್ಲ. ಅಲ್ಲಿಗೆ ಮುಗಿಯಿತು. ಬಿಡಿಸುವ ಕೆಲಸವೇ ಬೇಕಾಗಲಿಲ್ಲ. ನಿಮ್ಮ ಪಿನ್‌ಕೋಡಿನ ಅಂಕಿಗಳ ಮೊತ್ತವೂ ಹೀಗೇ ಇದ್ದರೆ ಎರಡು ಚೌಕದ ಆಸೆ ಬಿಟ್ಟುಬಿಡಿ.

ಅವಳು ಬಿಡಲಿಲ್ಲ. 759ರ ವರ್ಗ ಕಳೆದಳು, 758ರದ್ದು ಕಳೆದಳು. 'ಪುರಾವೆ ಕೊಟ್ಟೆನಲ್ಲೇ, ಮತ್ಯಾಕೆ ಹುಡುಕ್ತೀಯ?' ಅಂದರೆ ಉತ್ತರವಿಲ್ಲ. ಅಷ್ಟರಲ್ಲಿ ಕರೆಂಟ್ ಬಂತು. ನಾನು ಎದ್ದುಹೋದೆ.

ಬೆಳಿಗ್ಗೆ ಕಾಫಿ ಕುಡಿಯುವಾಗ ಹಾಳೆ ನನ್ನ ಮುಂದೆ ಇಟ್ಟಳು. 757ರ ವರ್ಗ 573049. ಉಳಿದದ್ದು 4052. ಅದು ವರ್ಗವಲ್ಲ. ಆದರೆ ಅದು 46ರ ವರ್ಗ ಮತ್ತು 44ರ ವರ್ಗದ ಮೊತ್ತ, 2116 ಮತ್ತು 1936. 'ಮೂರು ತೋಟ ಅಂದ್ರೆ ಆಗುತ್ತೆ ಅಲ್ವಾ ಮಾವ?'

ಆಗುತ್ತದೆ. ಅದಕ್ಕೂ ಒಂದು ನಿಯಮ ಇದೆ, ಫ್ರಾನ್ಸಿನ ಲೆಜಾಂಡ್ರ್ ಸಾಧಿಸಿದ್ದು. ಸಂಖ್ಯೆಯಿಂದ 4 ಎಷ್ಟು ಸಲ ಹೋಗುತ್ತದೋ ಅಷ್ಟು ಸಲ ತೆಗೆದುಬಿಡಿ. ಉಳಿದದ್ದನ್ನು 8ರಿಂದ ಭಾಗಿಸಿದಾಗ ಶೇಷ 7 ಬರದಿದ್ದರೆ ಮೂರು ಚೌಕ ಖಂಡಿತ ಸಾಕು. 577101ಕ್ಕೆ ಕೊನೆಯ 101ನ್ನು 8ರಿಂದ ಭಾಗಿಸಿದರೆ ಸಾಕು, 5 ಉಳಿಯುತ್ತದೆ. ಅವಳಿಗೆ ಈ ನಿಯಮ ಗೊತ್ತಿರಲಿಲ್ಲ. ಹಾಳೆಯ ಮೂಲೆಯಲ್ಲಿ 44 ಗಿಡದ ಸಾಲನ್ನು ಚುಕ್ಕಿ ಇಟ್ಟು ಎಣಿಸಿಯೂ ಇದ್ದಳು.